ಮೊದಲನೇ ಸಿಲಿಂಡರಿನ ಗಾಳಿ

ನಮ್ಮ ಅತ್ತಿಗೆ ಒಂದು ಭಾನುವಾರ ಬೆಳಿಗ್ಗೆ ಶೃಂಗೇರಿಯಿಂದ ಕೊಪ್ಪದ ನಮ್ಮ ಮನೆಗೆ ಬಂದವರು, ಕೂರುವ ಮೊದಲೇ ಕೈಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದು ನನ್ನ ಮುಂದಿಟ್ಟರು. ಹಲಸಿನ ಹಪ್ಪಳವೋ ಚಕ್ಕುಲಿಯೋ ಇರಬೇಕೆಂದು ಮುಚ್ಚಳ ತೆಗೆದರೆ ಒಳಗಿದ್ದದ್ದು ನಾಲ್ಕು ಸ್ಪಾರ್ಕ್ ಪ್ಲಗ್ಗು. ಒಂದಕ್ಕೊಂದು ತಾಗದಂತೆ ಬಟ್ಟೆಯ ಚಿಂದಿ ಸುತ್ತಿ, ಚಿಂದಿಯ ಮೇಲೆ ಪೆನ್ನಿನಲ್ಲಿ ಒಂದು, ಎರಡು, ಮೂರು, ನಾಲ್ಕು ಎಂದು ಬರೆದಿದ್ದರು.

"ನೋಡು, ಎಂತ ಕಾಣ್ತದೆ ಹೇಳು," ಅಂದರು.

ಮಧ್ಯದ ಎರಡರ ತುದಿ ಬಿಸ್ಕತ್ತಿನ ಬಣ್ಣಕ್ಕಿತ್ತು. ಪೆಟ್ರೋಲು ಸರಿಯಾಗಿ ಉರಿಯುವ ಎಂಜಿನ್ನಿನಲ್ಲಿ ಇರಬೇಕಾದ ಬಣ್ಣ ಅದೇ. ನಾಲ್ಕನೆಯದು ಸುಣ್ಣ ಬಳಿದಷ್ಟು ಬೆಳ್ಳಗಿತ್ತು. ಒಂದನೆಯದಕ್ಕೆ ಮಾತ್ರ ಸೌದೆ ಒಲೆಯ ಹಿಂದಿನ ಗೋಡೆಗೆ ಹಿಡಿಯುವಂಥ ಮಸಿ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಶೃಂಗೇರಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಆಟದ ಟೀಚರು. ನಲವತ್ತು ದಾಟಿದ ಮೇಲೆ ಅವರಿಗೆ ಜೀಪಿನ ಹುಚ್ಚು ಹತ್ತಿತು. ಹುಚ್ಚು ಎಂದು ನಾನು ಹೇಳುತ್ತಿಲ್ಲ, ಅವರೇ ಹಾಗೆ ಕರೆಯುತ್ತಾರೆ. ನಮ್ಮ ಕಡೆ ಆಗಾಗ ಜೀಪಿನವರೆಲ್ಲ ಸೇರಿ, ಕಲ್ಲು, ಕೊರಕಲು, ಕೆಸರಿನ ದಾರಿ ಗುರುತು ಮಾಡಿ, ಯಾರು ನಿಲ್ಲಿಸದೆ ದಾಟುತ್ತಾರೆ ಎಂದು ಸ್ಪರ್ಧೆ ಇಡುತ್ತಾರೆ. ಅದರಲ್ಲಿ ಸ್ಟೇರಿಂಗ್ ಹಿಡಿಯುವ ಹೆಂಗಸರು ಕಡಿಮೆ. ಅತ್ತಿಗೆ ಅವರಲ್ಲೊಬ್ಬರು. ಅವರ ಜೀಪು ಹಳೆಯದು. ಅವರಿಗಿಂತ ಮೊದಲಿನ ಯಜಮಾನ ಯಾರೋ ಅದರ ಎಂಜಿನ್ ತೆಗೆದು ಒಂದು ಕಾರಿನ ಪೆಟ್ರೋಲ್ ಎಂಜಿನ್ ಕೂರಿಸಿದ್ದ. ಕಾರಿನ ಮ್ಯಾನಿಫೋಲ್ಡ್ ಜೀಪಿನ ಬಾನೆಟ್ಟಿನ ಕೆಳಗೆ ಹಿಡಿಸದ ಕಾರಣ ಅಲ್ಯೂಮಿನಿಯಂ ತಗಡಿನಲ್ಲಿ ಬೇರೆಯದೇ ಒಂದನ್ನು ಮಾಡಿಸಿದ್ದ.

ಮ್ಯಾನಿಫೋಲ್ಡ್ ಎಂದರೆ ಎಂಜಿನ್ನು ಉಸಿರೆಳೆಯುವ ದಾರಿ. ಒಂದು ಉದ್ದನೆಯ ಡಬ್ಬಿ, ಅದರ ಒಂದು ತುದಿಯಲ್ಲಿ ಗಾಳಿ ಒಳಗೆ ಬರುವ ಬಾಯಿ, ಪಕ್ಕದಲ್ಲಿ ಸಾಲಾಗಿ ನಾಲ್ಕು ಕೊಳವೆ. ಒಂದೊಂದು ಕೊಳವೆ ಒಂದೊಂದು ಸಿಲಿಂಡರಿಗೆ. ಅತ್ತಿಗೆಯ ಎಂಜಿನ್ನಿನಲ್ಲಿ ಪೆಟ್ರೋಲು ನಾಲ್ಕಕ್ಕೂ ಸಮನಾಗಿ ಚಿಮ್ಮುತ್ತದೆ. ಗಾಳಿಯೂ ಸಮನಾಗಿ ಹೋದರೆ ತೊಂದರೆಯಿಲ್ಲ. ಯಾವುದಕ್ಕೆ ಗಾಳಿ ಕಡಿಮೆಯೋ ಅಲ್ಲಿ ಪೆಟ್ರೋಲು ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. ಯಾವುದಕ್ಕೆ ಹೆಚ್ಚೋ ಅದು ವಿಪರೀತ ಕಾದು ಬೆಳ್ಳಗಾಗುತ್ತದೆ.

"ಏರು ಹತ್ತುವಾಗ ಕೆಮ್ಮುತ್ತದೆ. ಇನ್ನೇನು ಮೇಲೆ ಬಂತು ಅನ್ನುವಾಗ ಆಫ್. ಮೆಕ್ಯಾನಿಕ್‌ಗಳು ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನೀನು ಮಾಡೋ ಕೆಲಸ ಇದೇ ಅಲ್ವನೇ?" ಎಂದು ಅತ್ತಿಗೆ ಕೇಳಿದರು.

"ಇದೇ ಅತ್ತಿಗೆ. ಆದರೆ ನಾನು ಮಾಡೋದು ಕಂಪ್ಯೂಟರಲ್ಲಿ."

"ಕಂಪ್ಯೂಟರಲ್ಲೇ ಮಾಡು ಮಾರಾಯ್ತಿ. ನಾನೆಂತ ಸ್ಪ್ಯಾನರ್ ಹಿಡಿ ಅಂದ್ನಾ?"

ನಾನು ಮದುವೆಗೆ ಮುಂಚೆ ಪುಣೆಯಲ್ಲಿ, ಎಂಜಿನ್ನಿನ ಬಿಡಿಭಾಗಗಳನ್ನು ವಿನ್ಯಾಸ ಮಾಡುವ ಒಂದು ಕಂಪನಿಯಲ್ಲಿದ್ದೆ. ನನ್ನವರು ದನದ ಡಾಕ್ಟರು, ಕೆಲಸ ಕೊಪ್ಪದಲ್ಲಿ. ಹಾಗಾಗಿ ಕಂಪನಿಯವರು ಮನೆಯಿಂದಲೇ ಮಾಡಿ ಎಂದರು. ಬಸ್‌ಸ್ಟ್ಯಾಂಡಿಗೆ ಹತ್ತಿರ, ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿ ನಮ್ಮ ಬಾಡಿಗೆ ಮನೆ. ಕಿಟಕಿಯ ಕೆಳಗೆ ಶಿವಮೊಗ್ಗದ ಬಸ್ಸು ಹಾರ್ನ್ ಹೊಡೆಯುತ್ತಿರುವಾಗ ನಾನು ಪರದೆಯ ಮೇಲೆ ಮ್ಯಾನಿಫೋಲ್ಡಿನೊಳಗಿನ ಜಾಗವನ್ನು ಲಕ್ಷಗಟ್ಟಲೆ ಸಣ್ಣ ಸಣ್ಣ ಕೋಣೆಗಳಾಗಿ ಕತ್ತರಿಸುತ್ತಿರುತ್ತೇನೆ. ಪ್ರತಿ ಕೋಣೆಗೂ ಎಷ್ಟು ಗಾಳಿ ಬಂತು, ಎಷ್ಟು ಹೋಯಿತು, ಯಾವ ಒತ್ತಡದಲ್ಲಿ ಎಂದು ಕಂಪ್ಯೂಟರು ಲೆಕ್ಕ ಹಾಕುತ್ತದೆ. ಕೊನೆಗೆ ಬಣ್ಣದ ಚಿತ್ರವೊಂದು ಬರುತ್ತದೆ. ಗಾಳಿ ಜೋರಾಗಿರುವಲ್ಲಿ ಕೆಂಪು, ನಿಧಾನವಾಗಿರುವಲ್ಲಿ ನೀಲಿ, ಹರಿಯುವ ದಾರಿಗೆ ಕೂದಲೆಳೆಯಂಥ ಗೆರೆಗಳು. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ನಾನು ಚಿತ್ರ ನೋಡಿ ಇಲ್ಲಿ ಸ್ವಲ್ಪ ಅಗಲ ಮಾಡಿ, ಅಲ್ಲಿ ಮೂಲೆ ದುಂಡಗೆ ಮಾಡಿ ಎಂದು ಬರೆದು ಕಳುಹಿಸುತ್ತೇನೆ. ಯಾವುದೋ ಊರಿನ ಫ್ಯಾಕ್ಟರಿಯಲ್ಲಿ ಅದು ತಯಾರಾಗುತ್ತದೆ. ಇಷ್ಟು ವರ್ಷದಲ್ಲಿ ನಾನು ಬಿಡಿಸಿದ ಒಂದು ಕೊಳವೆಯನ್ನೂ ಕೈಯಲ್ಲಿ ಹಿಡಿದಿರಲಿಲ್ಲ. ಗೆರೆಗಳು ತೋರಿಸಿದ ಹಾಗೆಯೇ ಗಾಳಿ ಒಳಗೆ ಓಡಾಡುತ್ತದೆಯೇ ಎಂದು ಕಣ್ಣಾರೆ ಕಂಡಿರಲಿಲ್ಲ.

ಅದಕ್ಕೇ ಒಪ್ಪಿಕೊಂಡೆ.

ಮುಂದಿನ ವಾರ ಅತ್ತಿಗೆ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ಕಿಚೀಲದಲ್ಲಿ ಹಾಕಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ಕಂಡಕ್ಟರು ಇದೆಂತ ಮೇಡಂ, ಹಾರ್ಮೋನಿಯಮ್ಮಾ ಎಂದು ಕೇಳಿದನಂತೆ. ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ವರ್ನಿಯರ್ ಹಿಡಿದು ಅದರ ಒಳಹೊರಗೆಲ್ಲ ಅಳೆದೆ. ಮುಟ್ಟಿದರೆ ತಣ್ಣಗೆ, ಒಳಗೆ ಬೆರಳಾಡಿಸಿದರೆ ಎಣ್ಣೆಯ ಜಿಡ್ಡು. ಸಂಜೆ ಅತ್ತಿಗೆ ಅದನ್ನು ವಾಪಸು ಒಯ್ದು ಜೀಪಿಗೆ ಕೂರಿಸಿದರು. ಕಂಪನಿಯ ಸಾಫ್ಟ್‌ವೇರನ್ನು ಮನೆಯ ಕೆಲಸಕ್ಕೆ ಬಳಸುವ ಹಾಗಿಲ್ಲ. ಯಾರು ಬೇಕಾದರೂ ಬಳಸಬಹುದಾದ ಪುಕ್ಕಟೆ ಸಾಫ್ಟ್‌ವೇರೊಂದನ್ನು ನನ್ನ ಸ್ವಂತ ಕಂಪ್ಯೂಟರಿಗೆ ಹಾಕಿಕೊಂಡು ಮ್ಯಾನಿಫೋಲ್ಡನ್ನು ಬಿಡಿಸಿದೆ. ಲೆಕ್ಕಕ್ಕೆ ಬಿಟ್ಟೆ. ಲೈನ್ ಕೆಲಸವೆಂದು ನಡುವೆ ಕರೆಂಟು ಹೋಗಿ ಮತ್ತೆ ಮೊದಲಿಂದ ಶುರು ಮಾಡಬೇಕಾಯಿತು.

ಉತ್ತರ ಬಂತು. ನಾಲ್ಕೂ ಕೊಳವೆಗೆ ಗಾಳಿ ಹೆಚ್ಚುಕಡಿಮೆ ಸಮ.

ಅತ್ತಿಗೆಗೆ ಫೋನ್ ಮಾಡಿ, ಮ್ಯಾನಿಫೋಲ್ಡ್ ಚೆನ್ನಾಗಿಯೇ ಇದೆ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನಲ್ಲೇ ಏನೋ ಇದೆ, ಒಂದನೆಯದನ್ನು ನಾಲ್ಕಕ್ಕೂ ನಾಲ್ಕನೆಯದನ್ನು ಒಂದಕ್ಕೂ ಬದಲಿಸಿ ಓಡಿಸಿ ನೋಡಿ ಎಂದೆ. ಇಂಜೆಕ್ಟರ್ ಕೆಟ್ಟಿದ್ದರೆ ಮಸಿ ಅದರ ಜೊತೆ ನಾಲ್ಕನೇ ಸಿಲಿಂಡರಿಗೆ ಹೋಗಬೇಕು. ಎರಡು ದಿನ ಬಿಟ್ಟು ಅವರ ಫೋನ್ ಬಂತು.

"ಮಸಿ ಎಲ್ಲಿಗೂ ಹೋಗಲಿಲ್ಲ ಮಾರಾಯ್ತಿ. ಒಂದನೇದರಲ್ಲೇ ಗಟ್ಟಿಯಾಗಿ ಕೂತ್ಕೊಂಡಿದೆ."

ಹಾಗಾದರೆ ಪೆಟ್ರೋಲಲ್ಲ, ಗಾಳಿಯೇ. ಪ್ಲಗ್ಗು ಒಂದು ಹೇಳುತ್ತಿದೆ, ನನ್ನ ಚಿತ್ರ ಇನ್ನೊಂದು ಹೇಳುತ್ತಿದೆ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿಲ್ಲ. ನನಗೆ ಬೇಸರವಾಗುವ ಬದಲು ಎಂಥದೋ ಚುರುಕು ಬಂತು. ಕಂಪನಿಯ ಕೆಲಸದಲ್ಲಿ ಹೀಗಾದರೆ ಪರೀಕ್ಷೆ ಮಾಡುವ ವಿಭಾಗದವರು ಬೇರೆ ಯಾರಿಗೋ ಹೇಳುತ್ತಾರೆ, ನನ್ನವರೆಗೆ ಬರುವಷ್ಟರಲ್ಲಿ ಅದೊಂದು ಹೊಸ ಅಳತೆಯಾಗಿರುತ್ತದೆ ಅಷ್ಟೆ. ಇಲ್ಲಿ ಜೀಪು ಬಸ್ಸಿನಲ್ಲಿ ಒಂದು ಗಂಟೆ ದೂರದಲ್ಲಿತ್ತು. ರಜೆ ಹಾಕಿ ಶೃಂಗೇರಿಗೆ ಹೋದೆ.

ಅತ್ತಿಗೆಯ ಮನೆಯ ಅಂಗಳದಲ್ಲಿ ಬಾನೆಟ್ ಎತ್ತಿದ ಕೂಡಲೇ ಉತ್ತರದ ಅರ್ಧ ಕಂಡಿತು. ನೀರು ದಾಟುವಾಗ ಎಂಜಿನ್ನಿಗೆ ನೀರು ಹೋಗಬಾರದೆಂದು ಜೀಪಿನ ಪಕ್ಕದಲ್ಲಿ ಚಾವಣಿಯ ಎತ್ತರಕ್ಕೆ ಒಂದು ಗಾಳಿಯ ಕೊಳವೆ ನಿಲ್ಲಿಸಿದ್ದರು. ಸ್ನಾರ್ಕೆಲ್ ಎನ್ನುತ್ತಾರೆ. ಅದು ಕೆಳಗಿಳಿದು, ಬಾನೆಟ್ಟಿನೊಳಗೆ ನುಗ್ಗಿ, ಮ್ಯಾನಿಫೋಲ್ಡಿನ ಬಾಯಿಗೆ ಸೇರುವ ಮುಂಚೆ ರಬ್ಬರಿನ ಪೈಪಿನಲ್ಲಿ ಗಕ್ಕನೆ ತಿರುಗುತ್ತಿತ್ತು. ನನ್ನ ಚಿತ್ರದಲ್ಲಿ ಗಾಳಿ ಮ್ಯಾನಿಫೋಲ್ಡಿನ ಬಾಯಿಯಿಂದ ಶುರುವಾಗಿತ್ತು, ನೆಟ್ಟಗೆ, ಸಮವಾಗಿ. ಇಲ್ಲಿ ಹಾಗಿಲ್ಲ. ತಿರುವಿನಲ್ಲಿ ಬಸ್ಸಿನ ಜನರೆಲ್ಲ ಒಂದು ಬದಿಗೆ ವಾಲುವಂತೆ ಈ ಗಾಳಿಯೂ ಒಂದು ಬದಿಗೆ ವಾಲಿಕೊಂಡೇ ಒಳಗೆ ಬರುತ್ತದೆ.

"ಯಾವಾಗ ಕೆಮ್ಮೋದು? ಆಕ್ಸಿಲರೇಟರ್ ಪೂರ್ತಿ ಒತ್ತಿದಾಗಲೋ?" ಎಂದು ಕೇಳಿದೆ.

"ಪೂರ್ತಿ ಒತ್ತಿದ್ರೆ ಎಂತ ಇಲ್ಲ. ಕಲ್ಲಿನ ಮೇಲೆ ಪೂರ್ತಿ ಒತ್ತಲಿಕ್ಕಾಗ್ತದಾ? ಚಕ್ರ ಸುಮ್ಮನೆ ತಿರುಗ್ತದೆ. ಅರ್ಧ ಒತ್ತಿ ಮೆಲ್ಲ ಹತ್ತಿಸುವಾಗಲೇ ಅದರ ಆಟ."

ಉತ್ತರದ ಇನ್ನರ್ಧ ಅದು. ಮ್ಯಾನಿಫೋಲ್ಡಿನ ಬಾಯಲ್ಲಿ ಒಂದು ದುಂಡು ತಗಡಿರುತ್ತದೆ. ಆಕ್ಸಿಲರೇಟರ್ ಒತ್ತಿದಂತೆ ಅದು ನಡುವಿನ ಸರಳಿನ ಮೇಲೆ ಓರೆಯಾಗಿ ತೆರೆದುಕೊಳ್ಳುತ್ತದೆ. ಅರ್ಧ ತೆರೆದಾಗ ಗಾಳಿ ಅದರ ಮೇಲೊಂದು ಕೆಳಗೊಂದು ಸಂದಿಯಲ್ಲಿ ಪಿಚಕಾರಿಯ ಹಾಗೆ ನುಗ್ಗುತ್ತದೆ. ನಾನು ಅದನ್ನು ಪೂರ್ತಿ ತೆರೆದಿಟ್ಟು ಲೆಕ್ಕ ಹಾಕಿದ್ದೆ.

ಕೊಪ್ಪಕ್ಕೆ ವಾಪಸು ಬಂದು ಸ್ನಾರ್ಕೆಲ್ಲು, ತಿರುವು, ಅರ್ಧ ತೆರೆದ ತಗಡು ಎಲ್ಲವನ್ನೂ ಸೇರಿಸಿ ಬಿಡಿಸಿದೆ. ನಾಲ್ಕೂ ಕೊಳವೆ ಒಟ್ಟಿಗೆ ಎಳೆಯುವುದನ್ನು ಬಿಟ್ಟು, ನಿಜವಾದ ಎಂಜಿನ್ನಿನಂತೆ ಒಂದಾದ ಮೇಲೊಂದು ಎಳೆಯುವ ಹಾಗೆ ಮಾಡಿದೆ. ಲೆಕ್ಕ ಬಹಳ ಉದ್ದವಾಯಿತು. ಈ ಸಲ ಬಂದ ಚಿತ್ರದಲ್ಲಿ ಕೆಂಪು ಧಾರೆಯೊಂದು ಡಬ್ಬಿಯ ತಳಕ್ಕೆ ಅಂಟಿಕೊಂಡು, ಮೊದಲನೇ ಕೊಳವೆಯ ಬಾಯಿಯ ಮುಂದೆಯೇ ಹಾದು, ಅದನ್ನು ಕಣ್ಣೆತ್ತಿಯೂ ನೋಡದೆ ಕೊನೆಯ ಗೋಡೆಗೆ ಹೋಗಿ ಬಡಿಯುತ್ತಿತ್ತು. ಅಲ್ಲಿಂದ ಮೇಲೆದ್ದು ಚಾವಣಿಯ ಗುಂಟ ಹಿಂದಕ್ಕೆ ಹೊರಳಿ ಬರುತ್ತಿತ್ತು. ಮೊದಲನೇ ಬಾಯಿಯ ಎದುರು ನೀಲಿ ಸುಳಿ. ನಾಲ್ಕನೆಯದಕ್ಕೆ ಹೊಟ್ಟೆ ತುಂಬ, ಒಂದನೆಯದಕ್ಕೆ ಅರೆಹೊಟ್ಟೆ. ಪ್ಲಗ್ಗು ಹೇಳಿದ್ದೂ ಇದನ್ನೇ.

ಅತ್ತಿಗೆಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

"ಚಂದ ಉಂಟು. ಆದ್ರೆ ಇದು ನಿಜವಾಗಿ ಒಳಗೆ ಆಗ್ತಾ ಇದೆಯಾ, ಅಥವಾ ಹೀಗಾಗ್ತದೆ ಅಂತ ನಿನ್ನ ಕಂಪ್ಯೂಟರ್ ಹೇಳೋದಾ?"

"ಕಂಪ್ಯೂಟರ್ ಹೇಳೋದು."

"ಒಳಗೆ ಹೊಕ್ಕಿ ನೋಡಲಿಕ್ಕೆ ಬರದಿಲ್ವಾ?"

ಯಾಕೆ ಬರುವುದಿಲ್ಲ ಎಂದು ನನಗೂ ಅನ್ನಿಸಿತು.

ಹೀಗೆ ನಾವಿಬ್ಬರೂ ಎನ್.ಆರ್.ಪುರದ ವೆಲ್ಡಿಂಗ್ ಭಾಯಿಯ ಹತ್ತಿರ ಹೋದೆವು. ಅಲ್ಯೂಮಿನಿಯಮ್ಮಿಗೆ ಬೇಕಾದ ಆರ್ಗಾನ್ ವೆಲ್ಡಿಂಗನ್ನು ನಮ್ಮ ಸುತ್ತಿನಲ್ಲಿ ಅವರಷ್ಟು ನೀಟಾಗಿ ಮಾಡುವವರು ಇಲ್ಲವೆಂದು ಅತ್ತಿಗೆ ಹೇಳುತ್ತಿದ್ದರು. ಅವರು ಸಹ ಹಾಗೆಯೇ ಹೇಳಿಕೊಳ್ಳುತ್ತಿದ್ದರು. ಕಳೆ ಕೊಚ್ಚುವ ಮೆಷಿನ್ನಿನ ಟ್ಯಾಂಕು, ಒಡೆದ ರೇಡಿಯೇಟರು, ಹಾಲಿನ ಕ್ಯಾನು, ಎಲ್ಲದರ ನಡುವೆ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ವಾದ ಮಾಡುವುದು ಅವರಿಗೆ ಇಷ್ಟ. ನನ್ನ ಲ್ಯಾಪ್‌ಟಾಪಿನ ಚಿತ್ರ ನೋಡಿ ತಲೆಯಲ್ಲಾಡಿಸಿದರು.

"ಇದು ಆಗೋ ಮಾತಲ್ಲಮ್ಮ. ಗಾಳಿ ಬರೋ ಬಾಗಿಲಿಗೆ ಯಾವುದು ಹತ್ತಿರ? ಒಂದನೇದು. ಊಟಕ್ಕೆ ಕೂತಾಗ ಬಡಿಸೋರು ಮೊದಲು ಯಾರಿಗೆ ಬಡಿಸ್ತಾರೆ? ಹತ್ರ ಇದ್ದೋರಿಗೆ. ಒಂದನೇದಕ್ಕೆ ಜಾಸ್ತಿನೇ ಸಿಗಬೇಕು."

"ಬಡಿಸೋರು ಓಡ್ತಾ ಬಂದ್ರೆ, ಭಾಯಿ?" ಎಂದರು ಅತ್ತಿಗೆ. "ಜೋರಾಗಿ ಓಡಿ ಬಂದವರಿಗೆ ಮೊದಲನೇ ಎಲೆ ಹತ್ರ ನಿಲ್ಲಲಿಕ್ಕಾಗ್ತದಾ? ಕೊನೇ ಎಲೆ ಹತ್ರ ಹೋಗಿ ನಿಲ್ಲೋದು."

"ಗಾಳಿಗೆ ಅಷ್ಟೆಲ್ಲ ತೂಕ ಎಲ್ಲಿಂದ ಬಂತು?"

"ಅದನ್ನೇ ನೋಡಲಿಕ್ಕೆ ಬಂದದ್ದು," ಎಂದೆ.

ಭಾಯಿಗೆ ತಾನು ಹೇಳಿದ್ದೇ ಸರಿ ಎಂದು ತೋರಿಸುವ ಹಟ, ನನಗೆ ಒಳಗೆ ನೋಡುವ ಆಸೆ. ಇಬ್ಬರ ಕೆಲಸವೂ ಒಂದೇ ಆಯಿತು. ಅವರು ಹಳೆಯ ಮ್ಯಾನಿಫೋಲ್ಡಿನ ಮೇಲ್ಭಾಗವನ್ನು ಕತ್ತರಿಸಿ ತೆಗೆದರು. ಬೋರ್ಡ್ ಬರೆಯುವವರ ಅಂಗಡಿಯಿಂದ ತಂದ ಪಾರದರ್ಶಕ ಅಕ್ರಿಲಿಕ್ ಹಾಳೆಯನ್ನು ಅಲ್ಲಿ ಕೂರಿಸಿ ಸುತ್ತ ಎಂ-ಸೀಲ್ ಮೆತ್ತಿದರು. ಪಕ್ಕದ ವಾಟರ್ ಸರ್ವಿಸ್‌ನಲ್ಲಿ ಕಾರಿನ ಸೀಟು ಗುಡಿಸುವ ದೊಡ್ಡ ವ್ಯಾಕ್ಯೂಮ್ ಕ್ಲೀನರ್ ಇತ್ತು. ಅದರ ಪೈಪನ್ನು ಒಂದೊಂದೇ ಕೊಳವೆಗೆ ಜೋಡಿಸಿ, ಉಳಿದ ಮೂರಕ್ಕೆ ಬಟ್ಟೆ ತುರುಕಿ, ಎಂಜಿನ್ನಿನ ಬದಲು ಅದರಿಂದ ಗಾಳಿ ಎಳೆಸುವುದು ನಮ್ಮ ಉಪಾಯ. ಜೀಪಿನ ಸ್ನಾರ್ಕೆಲ್ಲನ್ನೂ ತಿರುವಿನ ಪೈಪನ್ನೂ ಈ ಕಡೆ ಸಿಕ್ಕಿಸಿ, ಬಾಯಿಯ ತಗಡು ಅರ್ಧ ತೆರೆದಿರುವಂತೆ ಒಂದು ಮೊಳೆ ಇಟ್ಟೆವು.

ಮೊದಲು ಹೊಗೆ. ಭಾಯಿ ಒಂದು ತಗಡಿನ ಮೇಲೆ ಕೆಂಡ ಹಾಕಿ ಲೋಬಾನ ಉದುರಿಸಿ ಸ್ನಾರ್ಕೆಲ್ಲಿನ ಬಾಯಿಗೆ ಹಿಡಿದರು. ಡಬ್ಬಿಯೊಳಗೆಲ್ಲ ಒಂದೇ ಸಮ ಬೆಳ್ಳಗಾಯಿತು. ಯಾವುದು ಎತ್ತ ಹೋಯಿತೆಂದು ಯಾರಿಗೂ ಕಾಣಲಿಲ್ಲ. ಅಂಗಡಿಯ ತುಂಬ ಲೋಬಾನದ ವಾಸನೆ ತುಂಬಿತು, ಅಷ್ಟೇ.

ಆಮೇಲೆ ಅತ್ತಿಗೆ ತಮ್ಮ ಸ್ವೆಟರಿನ ಅಂಚಿನಿಂದ ಕೆಂಪು ಉಣ್ಣೆಯ ಎಳೆ ಹಿರಿದು ಸಣ್ಣ ಸಣ್ಣ ತುಂಡು ಮಾಡಿದರು. ಅಕ್ರಿಲಿಕ್ ಬಿಚ್ಚಿ, ಪ್ರತಿ ತುಂಡಿನ ಒಂದು ತುದಿಯನ್ನು ಮಾತ್ರ ಅಂಟಿಸಿ, ಡಬ್ಬಿಯ ತಳದಲ್ಲಿ, ಗೋಡೆಯಲ್ಲಿ, ಕೊಳವೆಗಳ ಬಾಯಲ್ಲಿ, ಅಕ್ರಿಲಿಕ್ಕಿನ ಒಳಮೈಯಲ್ಲಿ ಸಾಲಾಗಿ ನಿಲ್ಲಿಸಿದೆವು. ಮತ್ತೆ ಮುಚ್ಚಿದೆವು. ಪೈಪನ್ನು ಮೊದಲನೇ ಕೊಳವೆಗೆ ಹಾಕಿ ಭಾಯಿ ಸ್ವಿಚ್ ಒತ್ತಿದರು.

ತಳದ ಎಳೆಗಳೆಲ್ಲ ಒಮ್ಮೆಗೇ ಮಲಗಿದವು. ಮಲಗಿದ್ದು ಮೊದಲನೇ ಕೊಳವೆಯ ಕಡೆಗಲ್ಲ. ಎಳೆಯುತ್ತಿದ್ದದ್ದು ಮೊದಲನೆಯದು, ಆದರೆ ಎಳೆಗಳು ಅದನ್ನು ದಾಟಿ ಕೊನೆಯ ಗೋಡೆಯ ಕಡೆ ತುದಿ ಮಾಡಿದ್ದವು. ಚಾವಣಿಯ ಎಳೆಗಳು ಅದಕ್ಕೆ ತದ್ವಿರುದ್ಧ, ಬಂದ ಬಾಗಿಲಿನ ಕಡೆ. ಮೊದಲನೇ ಬಾಯಿಯ ಎದುರಿನ ಎಳೆ ಯಾವ ಕಡೆಗೂ ನಿಲ್ಲದೆ ಗಿರಗಿರ ತಿರುಗುತ್ತಿತ್ತು.

"ಅರೆ, ಅರೆ!" ಭಾಯಿ ಅಕ್ರಿಲಿಕ್ಕಿಗೆ ಮೂಗು ತಾಗುವಷ್ಟು ಬಗ್ಗಿದರು. "ಹಿಂದಕ್ಕೆ ಬರ್ತಾ ಉಂಟಲ್ಲ ಮಾರಾಯ್ರೆ! ಮೇಲಿನದ್ದು ಹಿಂದಕ್ಕೆ!"

"ಆಫ್ ಮಾಡಿ ಇನ್ನೊಂದ್ಸಲ ಹಾಕಿ, ಭಾಯಿ," ಎಂದೆ.

ಅವರು ಹಾಕಿದರು. ನಾನು ಇನ್ನೊಂದು ಸಲ ಎಂದೆ. ಮತ್ತೊಂದು ಸಲ. ನಾನು ಪರದೆಯ ಮೇಲೆ ಎಷ್ಟೋ ಸಾವಿರ ಗೆರೆಗಳನ್ನು ನೋಡಿದ್ದೇನೆ. ಆದರೆ ಈ ತುಂಡು ಉಣ್ಣೆ, ಯಾರೂ ಲೆಕ್ಕ ಹೇಳಿಕೊಡದೆ, ತನ್ನಷ್ಟಕ್ಕೆ ತಾನೇ ಹಿಂದಕ್ಕೆ ತಿರುಗಿದ್ದನ್ನು ನೋಡಿ ನನ್ನ ಮೈ ಜುಮ್ಮೆಂದಿತು. ಗಾಳಿ ಅಲ್ಲಿತ್ತು. ಅದು ನಿಜವಾಗಿ ಹಾಗೆಯೇ ಮಾಡುತ್ತಿತ್ತು. ವಾಟರ್ ಸರ್ವಿಸ್‌ನವರು ತಮ್ಮ ಮೆಷಿನ್ ಕೇಳಿಕೊಂಡು ಬರುವ ತನಕ ನಾವು ಮೂವರೂ ಅದರ ಮುಂದೆ ಬಗ್ಗಿಕೊಂಡೇ ಇದ್ದೆವು.

ಎಲ್ಲವನ್ನೂ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡಿದ್ದೆ. ವ್ಯಾಕ್ಯೂಮ್ ಕ್ಲೀನರಿನ ಎಳೆತ ಎಂಜಿನ್ನಿಗಿಂತ ಬಹಳ ಕಡಿಮೆ. ಅದಕ್ಕೆ ಮನೆಗೆ ಬಂದು ಅಷ್ಟೇ ಎಳೆತಕ್ಕೆ ಮತ್ತೊಂದು ಸಿಮ್ಯುಲೇಶನ್ ಮಾಡಿ, ವಿಡಿಯೊದ ಪಕ್ಕದಲ್ಲಿಟ್ಟು ಒಂದೊಂದು ಎಳೆಯನ್ನೂ ಹೋಲಿಸಿದೆ. ಬಹುಪಾಲು ಹೊಂದಿಕೊಂಡವು. ಕೊನೆಯ ಗೋಡೆಯ ಮೂಲೆಯ ಒಂದು ಎಳೆ ಮಾತ್ರ ವಿಡಿಯೊದಲ್ಲಿ ಪಟಪಟ ಬಡಿದುಕೊಳ್ಳುತ್ತದೆ, ನನ್ನ ಚಿತ್ರದಲ್ಲಿ ಅಲ್ಲಿ ಗಾಳಿ ಶಾಂತವಾಗಿದೆ. ಕೋಣೆಗಳನ್ನು ಇನ್ನೂ ಸಣ್ಣದು ಮಾಡಿ ನೋಡಿದೆ. ಆದರೂ ಶಾಂತವೇ. ಅದು ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನದು ಹೊಸ ಮ್ಯಾನಿಫೋಲ್ಡ್. ನಾನು ಆಸೆಪಟ್ಟು ಬಿಡಿಸಿದ ಮೊದಲ ಆಕಾರ ಬಾಗಿ ಬಳುಕಿ, ತುದಿಗೆ ಹೋಗುತ್ತ ಸಣ್ಣದಾಗುವ, ಸೊಂಡಿಲಿನಂಥ ಡಬ್ಬಿ. ಕೊಳವೆಗಳ ಬಾಯಿ ನಾಗಸ್ವರದ ಬಾಯಿಯಂತೆ ಅರಳಿದ್ದವು. ಸಿಮ್ಯುಲೇಶನ್ನಿನಲ್ಲಿ ನಾಲ್ಕಕ್ಕೂ ಗಾಳಿ ಹಂಚಿಟ್ಟಷ್ಟು ಸಮ. ವಾಟ್ಸಾಪಿನಲ್ಲಿ ಭಾಯಿಗೆ ಕಳುಹಿಸಿದೆ. ತಕ್ಷಣ ಫೋನ್ ಬಂತು.

"ಇದನ್ನು ಎರಕ ಹೊಯ್ಯಬೇಕಮ್ಮ, ತಗಡಲ್ಲಿ ಆಗದಿಲ್ಲ. ತಗಡು ಮಡಚಬಹುದು, ಸುತ್ತಬಹುದು. ಹೀಗೆ ಆನೆ ಸೊಂಡಿಲು ಮಾಡಲಿಕ್ಕಾಗ್ತದಾ?"

ಅತ್ತಿಗೆ ಬಾನೆಟ್ಟಿನ ಕೆಳಗೆ ಟೇಪು ಹಿಡಿದು, ಅರಳಿದ ಬಾಯಿಗಳಿಗೆ ಎತ್ತರ ಸಾಲುವುದಿಲ್ಲವೆಂದು ಹೇಳಿದರು. ಬೇಸರವಾಯಿತು. ಹಾಗಾದರೆ ಇದರಲ್ಲಿ ಯಾವುದು ಮುಖ್ಯ, ಯಾವುದು ಬರೀ ಚೆಂದಕ್ಕೆ ಎಂದು ತಿಳಿಯುವ ಕುತೂಹಲವೂ ಹುಟ್ಟಿತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಲೆಕ್ಕಕ್ಕೆ ಬಿಡತೊಡಗಿದೆ. ಬೆಳಿಗ್ಗೆ ಕಂಪನಿಯ ಕೆಲಸ ಶುರು ಮಾಡುವ ಮುಂಚೆ ಒಂದನ್ನು ಓಡಲು ಬಿಡುವುದು, ಸಂಜೆ ಚಹಾ ಕುಡಿಯುತ್ತ ಅದರ ಉತ್ತರ ನೋಡುವುದು. ಬಾಯಿ ಅರಳಿಸಿದ್ದರಿಂದ ತುಸು ಲಾಭ. ಡಬ್ಬಿಯನ್ನು ತುದಿಗೆ ಕಿರಿದಾಗಿಸಿದ್ದರಿಂದ ಅದಕ್ಕಿಂತ ಹೆಚ್ಚು. ಬಾಗು ಬಳುಕಿನಿಂದ ಏನೂ ಇಲ್ಲವೆನ್ನುವಷ್ಟು ಕಡಿಮೆ. ಎಲ್ಲಕ್ಕಿಂತ ಹೆಚ್ಚಿನದು ಬೇರೆಯೇ ಒಂದು ಬದಲಾವಣೆಯಿಂದ ಬಂತು. ಬಾಯಿಯ ದುಂಡು ತಗಡನ್ನು ಅದರ ಚೌಕಟ್ಟಿನ ಸಮೇತ ಕಾಲು ಸುತ್ತು ತಿರುಗಿಸಿ ಕೂರಿಸಿದರೆ, ಗಾಳಿಯ ಎರಡು ಪಿಚಕಾರಿಗಳು ಮೇಲೆ ಕೆಳಗೆ ಹೋಗುವ ಬದಲು ಅಕ್ಕಪಕ್ಕಕ್ಕೆ ಹೋಗುತ್ತವೆ. ಒಂದು ಪಿಚಕಾರಿ ಕೊಳವೆಗಳ ಬಾಯಿ ಇರುವ ಬದಿಯಲ್ಲೇ ಹಾಯುತ್ತದೆ. ತಳಕ್ಕೆ ಅಂಟಿಕೊಂಡು ಓಡುವ ಧಾರೆ ಒಡೆದುಹೋಗುತ್ತದೆ. ಅದಕ್ಕೆ ಬೇಕಾದದ್ದು ನಾಲ್ಕು ಬೋಲ್ಟಿನ ತೂತುಗಳನ್ನು ಬೇರೆ ಕಡೆ ಕೊರೆಯುವುದು ಮಾತ್ರ.

ಕೊನೆಗೆ ಭಾಯಿಯ ಅಂಗಡಿಯಲ್ಲಿ ತಯಾರಾದದ್ದು ಚಪ್ಪಟೆ ತಗಡುಗಳನ್ನು ಮಡಚಿ ಸೇರಿಸಿದ, ಒಂದು ತುದಿ ಕಿರಿದಾದ ಡಬ್ಬಿ. ನೋಡಲು ತೆಂಗಿನಕಾಯಿ ತುರಿಯುವ ಮಣೆಯ ಹಾಗೆ ಒರಟು. ಭಾಯಿಯ ವೆಲ್ಡಿಂಗ್ ಮಾತ್ರ ಮೀನಿನ ಬೆನ್ನಿನ ಹುರುಪೆಯಂತೆ ಒಂದರ ಮೇಲೊಂದು ಕೂತಿತ್ತು. ಅದರ ಮೇಲೆ ಬಣ್ಣ ಬಳಿಯಬಾರದೆಂದು ಅವರು ಅತ್ತಿಗೆಗೆ ತಾಕೀತು ಮಾಡಿದರು. ನಾನು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ನಾನಂದುಕೊಂಡದ್ದಕ್ಕಿಂತ ಹಗುರವಾಗಿತ್ತು.

ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎಂಜಿನ್ ಒಂದೇ ಸಮ ಓಡದೆ ಏರಿಳಿಯಿತು. ಭಾಯಿ ಆಫ್ ಮಾಡಿಸಿ, ಮ್ಯಾನಿಫೋಲ್ಡ್ ಬಿಚ್ಚಿ, ಬಾಯಿಗಳನ್ನೆಲ್ಲ ಕಟ್ಟಿ, ಒಳಗೆ ಗಾಳಿ ತುಂಬಿ, ಮೇಲೆಲ್ಲ ಸೋಪಿನ ನೀರು ಸವರಿದರು. ಒಂದು ಮೂಲೆಯಲ್ಲಿ ಗುಳ್ಳೆ ಎದ್ದಿತು. ಸೂಜಿಮೊನೆಯಷ್ಟು ತೂತು. ತಮ್ಮ ವೆಲ್ಡಿಂಗಿನಲ್ಲಿ ತೂತೇ ಎಂದು ಅವರಿಗೆ ಬಹಳ ಸಿಟ್ಟು ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಅದನ್ನು ಮುಚ್ಚಿದ ಮೇಲೆ ಎಂಜಿನ್ ಹೊಲಿಗೆ ಮೆಷಿನ್ನಿನಂತೆ ಓಡಿತು.

ನಮ್ಮ ತಾಲೂಕಿನ ನಾರ್ವೆ ಎಂಬ ಊರಿನ ಹತ್ತಿರ ಅತ್ತಿಗೆಯ ಸಹೋದ್ಯೋಗಿಯೊಬ್ಬರ ಜಾಗದಲ್ಲಿ, ಗುಡ್ಡದ ಮೇಲಿನ ನೀರಿನ ಟ್ಯಾಂಕಿಗೆ ಹೋಗುವ ಒಂದು ಕಚ್ಚಾ ದಾರಿಯಿದೆ. ಅಲ್ಲಿ ಜೀಪು ಪ್ರತಿ ಸಲ ನಿಲ್ಲುತ್ತಿತ್ತಂತೆ. ಅತ್ತಿಗೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಲ್ಲಿಗೇ ಹೋದರು. ನಾನು ಹಿಡಿಕೆಯನ್ನು ಬಿಗಿಯಾಗಿ ಹಿಡಿದು, ದಾರಿ ನೋಡುವುದು ಬಿಟ್ಟು ಬಾನೆಟ್ಟನ್ನೇ ನೋಡುತ್ತಿದ್ದೆ, ಒಳಗಿನದು ಕಾಣುತ್ತದೆ ಎಂಬಂತೆ. ಕಲ್ಲಿನ ಮೇಲೆ ಚಕ್ರ ಏರಿತು. ಅತ್ತಿಗೆ ಅರ್ಧ ಒತ್ತಿದರು.

"ಈಗ ಕೆಮ್ಮಬೇಕು," ಎಂದರು.

ಕೆಮ್ಮಲಿಲ್ಲ.

"ಇಲ್ಲಾದ್ರೂ ಕೆಮ್ಮಬೇಕಿತ್ತಲ್ಲೇ," ಎಂದರು ಇನ್ನೂ ಸ್ವಲ್ಪ ಮೇಲೆ. ಧ್ವನಿ ಏನೋ ಕಳೆದುಕೊಂಡವರ ಹಾಗಿತ್ತು. ಟ್ಯಾಂಕಿನ ಪಕ್ಕದಲ್ಲಿ ಜೀಪು ನಿಲ್ಲಿಸಿ, ಎಂಜಿನ್ ಆರುವ ತನಕ ಅವರು ತಂದಿದ್ದ ಅವಲಕ್ಕಿ ತಿಂದೆವು. ಪ್ಲಗ್ ಬಿಚ್ಚಿದರೆ ನಾಲ್ಕೂ ಬಿಸ್ಕತ್ತಿನ ಬಣ್ಣ. ಒಂದನೆಯದು ಮಾತ್ರ ಸ್ವಲ್ಪ ಹೆಚ್ಚು ಬೇಯಿಸಿದ ಬಿಸ್ಕತ್ತು. ಅತ್ತಿಗೆ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು, ಆಮೇಲೆ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಆಟದ ಟೀಚರಿನ ಗುದ್ದು, ಎರಡು ದಿನ ನೋವಿತ್ತು.

ಆ ವರ್ಷದ ಸ್ಪರ್ಧೆ ಮೇಗುಂದದ ಕಡೆ ನಡೆಯಿತು. ಭಾಯಿಯೂ ಅಂಗಡಿ ಮುಚ್ಚಿ ಬಂದಿದ್ದರು. ಅತ್ತಿಗೆ ಕಲ್ಲಿನ ಏರನ್ನು ಒಂದೇ ಉಸಿರಿಗೆ ಹತ್ತಿದಾಗ, ಭಾಯಿ ಪಕ್ಕದಲ್ಲಿ ನಿಂತಿದ್ದ ಅಪರಿಚಿತರಿಗೆಲ್ಲ ಬಾನೆಟ್ ಕಡೆ ಕೈ ತೋರಿಸಿ ಬಡಿಸುವವರ ಕತೆ ಹೇಳುತ್ತಿದ್ದರು. ಈಗ ಅದು ಅತ್ತಿಗೆಯ ಮಾತಲ್ಲ, ಪೂರ್ತಿ ಅವರದೇ ಆಗಿತ್ತು. ಆದರೆ ಏರಿನ ಆಚೆಯ ಕೆಸರಿನ ಹೊಂಡದಲ್ಲಿ ಜೀಪು ಅಡ್ಡ ಜಾರಿ ಬಾಗಿಲಿನವರೆಗೆ ಹೂತುಹೋಯಿತು. ಹಗ್ಗ ಕಟ್ಟಿ ಎಳೆಯಬೇಕಾಯಿತು. ಬಹುಮಾನದ ಮಾತೇ ಇರಲಿಲ್ಲ. ಅತ್ತಿಗೆ ಮೊಣಕಾಲಿನವರೆಗೆ ಕೆಸರಾಗಿ ನಡೆದು ಬಂದರು.

"ಎಂಜಿನ್ ನಿಲ್ಲಲಿಲ್ಲ, ನೋಡಿದ್ರಲ್ಲ? ಹೂತುಕೊಂಡಾಗಲೂ ಓಡ್ತಾನೇ ಇತ್ತು. ದಾರಿ ತಪ್ಪಿದ್ದು ನಾನು," ಎಂದರು. ಅವರ ಮುಖ ನೋಡಿದರೆ ಸೋತವರ ಹಾಗೆ ಇರಲಿಲ್ಲ. ಮುಂದಿನ ಸಲ ಹೊಂಡಕ್ಕೆ ಯಾವ ಕಡೆಯಿಂದ ಇಳಿಯಬೇಕೆಂದು ಆಗಲೇ ಭಾಯಿಯ ಜೊತೆ ವಾದ ಶುರುವಾಗಿತ್ತು.

ಇಷ್ಟಕ್ಕೆ ಮುಗಿಯಬೇಕಿತ್ತು. ಕೆಲವು ವಾರ ಕಳೆದ ಮೇಲೆ ಅತ್ತಿಗೆ ಫೋನ್ ಮಾಡಿ, ಜೀಪು ಹಾಡುತ್ತದೆ ಎಂದರು. ಎಂಜಿನ್ ಒಂದು ವೇಗಕ್ಕೆ ಬಂದಾಗ ಬಾನೆಟ್ಟಿನ ಕೆಳಗಿಂದ ಊಂ ಎಂದು ಒಂದು ಸ್ವರ, ಅದನ್ನು ದಾಟಿದರೆ ಇಲ್ಲ. ಸ್ವರ ಬಂದಾಗ ಜೀಪು ಇನ್ನಷ್ಟು ಜೋರಾಗಿ ಎಳೆಯುತ್ತದೆ. ತಗಡು ಅದುರುತ್ತಿರಬೇಕೆಂದು ಭಾಯಿ ಅಂದಾಜು ಮಾಡಿ, ಡಬ್ಬಿಗೆ ಒಂದು ಪಟ್ಟಿ ಹೆಚ್ಚಿಗೆ ಬೆಸೆದುಕೊಟ್ಟರು. ಸ್ವರ ಹಾಗೇ ಉಳಿಯಿತು.

ನನಗೆ ಅನ್ನಿಸುವುದು ಬೇರೆ. ಎಂಜಿನ್ನಿನ ವಾಲ್ವು ಟಪ್ಪೆಂದು ಮುಚ್ಚಿದಾಗ, ಒಳಗೆ ಬರುತ್ತಿದ್ದ ಗಾಳಿ ಬಾಗಿಲಿಗೆ ಬಡಿದು, ಒತ್ತಡದ ಒಂದು ಅಲೆ ಕೊಳವೆಯಲ್ಲಿ ಹಿಂದಕ್ಕೆ ಓಡುತ್ತದೆ. ಡಬ್ಬಿಯವರೆಗೆ ಹೋಗಿ ವಾಪಸು ಬರುತ್ತದೆ. ಅದು ವಾಪಸು ಬರುವ ಹೊತ್ತಿಗೆ ಸರಿಯಾಗಿ ವಾಲ್ವು ಮತ್ತೆ ತೆರೆದಿದ್ದರೆ, ಸ್ವಲ್ಪ ಹೆಚ್ಚು ಗಾಳಿಯನ್ನು ಒಳಗೆ ನೂಕಿಬಿಡುತ್ತದೆ. ಕಂಪನಿಯಲ್ಲಿ ಈ ಲೆಕ್ಕ ಮಾಡುವವರು ಬೇರೆ ವಿಭಾಗದವರು. ನಾನು ಅವರ ಉತ್ತರಗಳನ್ನು ನೋಡಿದ್ದೇನೆ, ಮಾಡಿದವಳಲ್ಲ. ಈಗ ಸಂಜೆ ಹೊತ್ತು ಅದನ್ನು ಕಲಿಯುತ್ತಿದ್ದೇನೆ. ಕಾಲವನ್ನು ಬಹಳ ಸಣ್ಣ ಸಣ್ಣ ತುಣುಕು ಮಾಡಿ ಲೆಕ್ಕ ಹಾಕಿದ ಮೇಲೆ ನನ್ನ ಚಿತ್ರದಲ್ಲೂ ಅಲೆ ಕಾಣಿಸಿಕೊಂಡಿದೆ. ಆದರೆ ಸ್ವರ ಬರಬೇಕೆಂದು ನನ್ನ ಲೆಕ್ಕ ಹೇಳುವ ವೇಗ ಒಂದು, ಅತ್ತಿಗೆಯ ಆರ್‌ಪಿಎಂ ಮೀಟರ್ ತೋರಿಸುವುದು ಅದಕ್ಕಿಂತ ತುಸು ಕಡಿಮೆ.

ಮೊನ್ನೆ ಅವರು ಶಾಲೆಗೆ ಹೋಗುವ ದಾರಿಯಿಂದ ಎರಡು ವಾಯ್ಸ್ ಮೆಸೇಜ್ ಕಳುಹಿಸಿದ್ದಾರೆ. ಒಂದು ಬೆಳಿಗ್ಗೆ ಮಂಜಿನಲ್ಲಿ ಹೊರಟಾಗಿನದು, ಇನ್ನೊಂದು ಮಧ್ಯಾಹ್ನ ಬಿಸಿಲಲ್ಲಿ ಹಿಂದಿರುಗುವಾಗಿನದು. "ಕೇಳಿ ನೋಡು, ಚಳೀಲಿ ಸ್ವಲ್ಪ ಬೇಗ ಶುರುವಾಗ್ತದೆ. ನಂಗೆ ಹಾಗೆ ಕೇಳ್ತದೋ, ನಿಜವೋ ಗೊತ್ತಿಲ್ಲ," ಎಂದಿದ್ದಾರೆ. ತಣ್ಣಗಿನ ಗಾಳಿಯಲ್ಲಿ ಶಬ್ದ ನಿಧಾನವಾಗಿ ಓಡುತ್ತದೆ. ಅಲೆ ನಿಧಾನವಾದರೆ ಸ್ವರವೂ ಕಡಿಮೆ ವೇಗದಲ್ಲೇ ಶುರುವಾಗಬೇಕು. ಹಾಗಾದರೆ ಅವರ ಕಿವಿ ಸರಿಯಾಗಿಯೇ ಕೇಳಿದೆ. ನಾನು ಲೆಕ್ಕದಲ್ಲಿ ಹಾಕಿದ್ದ ಗಾಳಿ ಎಷ್ಟು ಬಿಸಿ ಎಂದು ತೆರೆದು ನೋಡಿದೆ. ಬೇಸಿಗೆಯ ಮಧ್ಯಾಹ್ನದ ಗಾಳಿ ಅದು. ನನ್ನ ಲೆಕ್ಕದ ವೇಗ ಹೆಚ್ಚು ಬಂದದ್ದು ಅದಕ್ಕೇ ಇರಬಹುದು. ಅತ್ತಿಗೆಗೆ ಫೋನ್ ಮಾಡಿ, ನಾಳೆ ಹೊರಡುವಾಗ ಸ್ನಾರ್ಕೆಲ್ಲಿನ ಬಾಯಿಗೆ ಒಂದು ಥರ್ಮಾಮೀಟರ್ ಕಟ್ಟಿ ಎಂದೆ.

"ಮನೇಲಿ ಜ್ವರ ನೋಡೋದು ಉಂಟು, ಅದು ಸಾಕಾಗ್ತದಾ?" ಎಂದು ಕೇಳಿದರು.